ಹೊಳೆಗೆ ಹಾಕಿದ ವೇಳಾಪಟ್ಟಿ

ಮೊನ್ನೆ ಮಿರ್ಜಾನಿನ ಕಡೆಯ ತರುಣರ ಸಂಘವೊಂದು ನನ್ನನ್ನು ಭಾಷಣಕ್ಕೆ ಕರೆಯಿತು. ವಿಷಯ, 'ಅರ್ಥಪೂರ್ಣ ಬದುಕಿಗೆ ಸ್ಫೂರ್ತಿ'. ಬೇಡವೆಂದೆ. ಮತ್ತೆ ಬಂದರು, ಮತ್ತೆ ಬೇಡವೆಂದೆ. ಮೂರನೆಯ ಸಲ ನನ್ನನ್ನು ಬಿಟ್ಟು ಸೊಸೆಯ ಹತ್ತಿರ ಚಾ ಕುಡಿದು ಅವಳಿಂದ ಹೇಳಿಸಿದರು. ಇಷ್ಟು ವರ್ಷ ಮಾಸ್ತರಿಕೆ ಮಾಡಿದ ಮುದುಕ ಎಲ್ಲಾದರೂ ಒಂದು ಕಡೆ ಸ್ಫೂರ್ತಿ ಪಡೆದೇ ಇರುತ್ತಾನೆ ಎಂದು ಈಗಿನ ಹುಡುಗರ ನಂಬಿಕೆ. ಹೋದೆ, ಏನೋ ಒದರಿದೆ, ಹಾರ ಹಾಕಿಸಿಕೊಂಡೆ. ತಿರುಗಿ ಕುಮಟೆಗೆ ಬರುವಾಗ ಬಸ್ಸು ಗಜನಿ ಗದ್ದೆಗಳ ಮಗ್ಗುಲಲ್ಲಿ ಕೆಟ್ಟು ನಿಂತಿತು. ಹೊಳೆ ಇಳಿದಿದ್ದ ಹೊತ್ತು. ಕೆಸರು, ಉಪ್ಪು, ಕೊಳೆತ ಹುಲ್ಲು, ಸಿಗಡಿ ಎಲ್ಲ ಕೂಡಿದ ವಾಸನೆ ಕಿಟಕಿಯಿಂದ ನುಗ್ಗಿತು. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದರು. ನನಗೆ ಮಾದೇವಿಯ ಮುಖ ಕಂಡಿತು, ಅದೂ ಸಿಟ್ಟಿನ ಮುಖ. ಅವಳ ಬೇರೆ ಮುಖವನ್ನು ನಾನು ಹೆಚ್ಚು ಕಂಡವನಲ್ಲ. ಆ ಹುಡುಗರಿಗೆ ಹೇಳಬೇಕಾದದ್ದು ಅವಳ ಸಂಗತಿ. ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ಹೇಳಿ ಬಂದಿದ್ದೆ.

ನಲವತ್ತರ ದಶಕ, ಯುದ್ಧ ನಡೆಯುತ್ತಿದ್ದ ಕಾಲ. ನನಗೆ ಇಪ್ಪತ್ತೆರಡು. ಶಿರಾಲಿಯ ಒಬ್ಬ ಕಿರಾಣಿ ಅಂಗಡಿಯವನ ಮಗ ನಾನು; ಮುಲ್ಕಿ ಪರೀಕ್ಷೆ ಪಾಸಾಗಿ, ತರಬೇತಿ ಮುಗಿಸಿ, ಅಘನಾಶಿನಿ ಹೊಳೆಯ ನಡುವಿನ ಒಂದು ಕುರ್ವೆಯ ಶಾಲೆಗೆ ಮಾಸ್ತರನಾಗಿ ಹೋದೆ. ಸುತ್ತ ನೀರು, ನಡುವೆ ತೆಂಗು, ಐವತ್ತು ಅರವತ್ತು ಮನೆ. ಕುರ್ವೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಮೊಮ್ಮಕ್ಕಳು ಜಗಳಕ್ಕೆ ಬಂದಾರು, ನನಗೆ ಈಗ ಜಗಳಕ್ಕೆ ಹಲ್ಲಿಲ್ಲ.

ಶಿರಾಲಿಯಿಂದ ಹೊರಟವನು ಹೊನ್ನಾವರದಲ್ಲಿ ಶರಾವತಿ ದಾಟಿ, ಇನ್ನೊಂದು ಬಸ್ಸು ಹಿಡಿದು, ಕುಮಟೆಯಲ್ಲಿ ಒಂದು ರಾತ್ರಿ ತಂಗಿದೆ. ಅಲ್ಲೇ ಕೆಟ್ಟದ್ದು. ಆ ಸಂಜೆ ಊರೂರು ತಿರುಗುವ ಮಹಾಶಯರೊಬ್ಬರ ಉಪನ್ಯಾಸವಿತ್ತು. ಮನುಷ್ಯ ಸುಮ್ಮನೆ ಬದುಕಬಾರದು, ದಿನವನ್ನು ಗಂಟೆ ಗಂಟೆಗೆ ಹಂಚಿ ಬದುಕಬೇಕು, ದಿನಕ್ಕೊಂದು ನಿಸ್ವಾರ್ಥ ಸೇವೆ ಮಾಡಬೇಕು, ಅದೂ ಯಾರೂ ಕೇಳದೆ ಮಾಡಬೇಕು ಎಂದರು. ನನಗೆ ಮೈಯೆಲ್ಲ ಜುಮ್ಮೆಂದಿತು. ಅವರ ಪುಸ್ತಕ ಕೊಂಡು, ಮರುದಿನ ದೋಣಿಯಲ್ಲಿ ಕುಳಿತೇ ಅರ್ಧ ಓದಿದೆ. ದೋಣಿಯವನು ದಡ ಬಂತೆಂದು ಎರಡು ಸಲ ಹೇಳಬೇಕಾಯಿತು.

ಕುರ್ವೆಯಲ್ಲಿ ಶಾಲೆಯ ಜೊತೆಗೆ ಸಂಜೆ ದೊಡ್ಡವರ ವರ್ಗವನ್ನೂ ನಡೆಸಬೇಕಿತ್ತು. ಸೀಮೆಎಣ್ಣೆಗೆ ಬರಗಾಲ, ಹಾಗಾಗಿ ಕತ್ತಲಾಗುವುದರೊಳಗೆ ಮುಗಿಸಬೇಕು. ಅಕ್ಷರ ಕಲಿಸಲೆಂದು ಮೇಲಿನವರು ಸ್ಲೇಟು ಬಳಪ ಕಳಿಸಿದ್ದರು. ನಾನು ಅವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅಕ್ಷರವೆನ್ನುವುದು ಕ್ಷುಲ್ಲಕ, ಮೊದಲು ಮನುಷ್ಯನ ಮನಸ್ಸು ಮೇಲೇಳಬೇಕು, ಆಮೇಲೆ ಅಕ್ಷರ ತಾನಾಗಿಯೇ ಬರುತ್ತದೆ ಎಂದು ನನ್ನ ವಾದ. ಏಳು ತಿಂಗಳು ಪ್ರತಿ ಸಂಜೆ ಅವರಿಗೆ ಮಹಾಪುರುಷರ ಗುಣಗಳನ್ನು ಬಣ್ಣಿಸಿದೆ. ಎದುರು ಸಾಲಿನಲ್ಲಿ ಕುರ್ವೆಯ ಹಿರಿಯ ತಿಮ್ಮಪ್ಪಜ್ಜ ಎಲೆಯಡಿಕೆಯ ಕವಳ ಅಗಿಯುತ್ತ ಕೂರುತ್ತಿದ್ದ. ಅವನ ಮಾತೇ ಅಲ್ಲಿ ಕಾಯಿದೆ. ಒಂದು ದಿನ, ಕುದುರೆ ಕಳೆದುಹಾಕಿದ ಸೇವಕನ ತಪ್ಪನ್ನು ರಾಜಕುಮಾರನೊಬ್ಬ ತನ್ನ ಮೇಲೆ ಹಾಕಿಕೊಂಡ ಕಥೆಯನ್ನು ನಾನೇ ಕಟ್ಟಿ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು. ತಿಮ್ಮಪ್ಪಜ್ಜ, "ದೊಡ್ಡೋರ ಗುಣವೇ ಅದು," ಎಂದ. ನಾನು ಬೀಗಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಬೇಕೆನಿಸುತ್ತದೆ.

ದಿನಕ್ಕೊಂದು ಸೇವೆ ಮಾತ್ರ ಸಿಗುತ್ತಿರಲಿಲ್ಲ. ಕುರ್ವೆಯ ಜನ ತಮ್ಮ ಕೆಲಸ ತಾವೇ ಮಾಡುವವರು. ಒಬ್ಬ ಮುದುಕಿಯ ಕೊಡ ಹೊರಲು ಹೋಗಿ ಒಡೆದೆ. ಬಲೆ ಒಣಹಾಕುವವರಿಗೆ ನೆರವಾಗಲು ಹೋಗಿ ಅದರಲ್ಲೇ ಸಿಕ್ಕಿಕೊಂಡೆ. ನನ್ನನ್ನು ಬಿಡಿಸುವುದು ಅವರಿಗೆ ಇನ್ನೊಂದು ಕೆಲಸವಾಯಿತು. ಹೀಗೆ ಸೇವೆಗೆ ಹಸಿದು ಕೂತವನ ಕಣ್ಣಿಗೆ ಮಾದೇವಿ ಬಿದ್ದಳು.

ಮಾದೇವಿ ಜಂತ್ರಡಿ ಕಾಯುವವಳು. ಗಜನಿ ಎಂದರೆ ಹೊಳೆಯ ಪಕ್ಕದ ತಗ್ಗು ಗದ್ದೆ. ಸಮುದ್ರದ ನೀರು ಹೊಳೆಯಲ್ಲಿ ಏರಿ ಬಂದರೆ ಉಪ್ಪು ಅಲ್ಲಿಗೂ ಬರುತ್ತದೆ. ಅದನ್ನು ತಡೆಯಲು ಮಣ್ಣಿನ ದಂಡೆ, ದಂಡೆಯಲ್ಲಿ ಹಲಗೆಯ ಬಾಗಿಲು. ಅದೇ ಜಂತ್ರಡಿ. ಹೊಳೆ ಏರುವಾಗ ಹಲಗೆ ಹಾಕಬೇಕು, ಇಳಿಯುವಾಗ ತೆಗೆದು ಗದ್ದೆಯ ಮಳೆನೀರನ್ನು ಹೊರಬಿಡಬೇಕು. ಇಡೀ ಕುರ್ವೆಯ ಊಟ ಆ ನಾಲ್ಕು ಹಲಗೆಗಳ ಹಿಂದೆ. ಕಾಯುವವರಿಗೆ ಸುಗ್ಗಿಯಲ್ಲಿ ಭತ್ತದ ಪಾಲು, ಇಳಿತದಲ್ಲಿ ಜಂತ್ರಡಿಯ ಬಾಯಿಗೆ ಬಲೆಯೊಡ್ಡಿ ಸಿಗಡಿ ಹಿಡಿಯುವ ಹಕ್ಕು. ಆ ಹಕ್ಕು ಅವಳ ಗಂಡನದು. ಅವನು ಮುಂಬಯಿಯ ಹಡಗು ಗೋದಿಯ ಕೆಲಸಕ್ಕೆ ಹೋಗಿ ವರ್ಷಗಳಾಗಿ, ಕಾಗದವೂ ನಿಂತಿತ್ತು. ಹೆಂಗಸು ಹಲಗೆ ಎತ್ತುವುದೇ ಎಂದು ಕೆಲವರು ಗೊಣಗುತ್ತಿದ್ದರು. ತಿಮ್ಮಪ್ಪಜ್ಜನ ತಂಗಿಯ ಮಗ ಸುಬ್ರಾಯನಿಗೆ ಆ ಸಿಗಡಿಯ ಮೇಲೆ ಕಣ್ಣಿತ್ತು. ಆದರೆ ಅವಳು ಒಂದು ದಿನವೂ ತಪ್ಪಿರಲಿಲ್ಲ, ಹಾಗಾಗಿ ಯಾರಿಗೂ ಏನೂ ಮಾಡಲಾಗಿರಲಿಲ್ಲ.

ಜೂನ್ ತಿಂಗಳು. ಗಜನಿಯಲ್ಲಿ ಕಗ್ಗ ಬಿತ್ತಿದ್ದರು. ಉಪ್ಪಿಗೆ ಜಗ್ಗದ ಭತ್ತ ಅದೊಂದೇ, ಆದರೆ ಮೊಳಕೆಯಲ್ಲಿ ಅದೂ ಕೂಸು. ಮಿರ್ಗದ ಮಳೆ ಎರಡು ದಿನ ಹೊಡೆದು ನಿಂತುಬಿಟ್ಟಿತ್ತು. ಹೊಳೆಯ ನೀರು ಇನ್ನೂ ಸಿಹಿಯಾಗಿರಲಿಲ್ಲ. ಆಗಲೇ ಕುಮಟೆಯಿಂದ ಮಾದೇವಿಗೆ ಹೇಳಿಕೆ ಬಂತು, ಮಗಳಿಗೆ ಹೆರಿಗೆ ನೋವು, ಕಷ್ಟವಾಗುತ್ತಿದೆ ಎಂದು. ಜಂತ್ರಡಿಯನ್ನು ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ಇಲ್ಲ. ಒಮ್ಮೆ ಕೊಟ್ಟರೆ ಹೋದ ಹಾಗೇ. ಅವಳು ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಬೆಳಗಿನ ಹೊತ್ತು ಪುಸ್ತಕ ಹಿಡಿದು ದಂಡೆಯ ಮೇಲೆ ತಿರುಗುವ ಅಭ್ಯಾಸವಿದ್ದ ನಾನು ವಿಷಯ ಕೇಳಿ, ನೀವು ಹೋಗಿ, ನಾನು ನೋಡಿಕೊಳ್ಳುತ್ತೇನೆ ಎಂದೆ.

"ನಿಮಗೆ ನೀರು ಗೊತ್ತಾ ಮಾಸ್ತರ್ರೆ?" ಎಂದಳು.

"ನಾನು ಶಿರಾಲಿಯವನು. ಸಮುದ್ರದ ಮಗ್ಗುಲಲ್ಲೇ ಹುಟ್ಟಿದವನು."

ಹುಟ್ಟಿದ್ದು ನಿಜ. ಆದರೆ ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಬೆಲ್ಲ ತೂಗಿದವನು. ಸಮುದ್ರ ನೋಡಿದ್ದು ಹಬ್ಬ ಹುಣ್ಣಿಮೆಗೆ. ಅವಳು ಎರಡು ಸಲ ಬೇಡವೆಂದಳು. ನಾನು ಬಿಡಲಿಲ್ಲ. ಆ ವಾರ ನನ್ನ ಸೇವೆಯ ಪುಟ ಖಾಲಿ ಇತ್ತು.

"ಹೊಳೆ ಏರ್ಲಿಕ್ಕೆ ಹಿಡಿದ್ರೆ ಹಲಗೆ ಹಾಕಿ. ಇಳೀಲಿಕ್ಕೆ ಹಿಡಿದ್ರೆ ತೆಗೀರಿ. ನೀರ ನೋಡಿ ಮಾಡಿ, ಅಷ್ಟೇ," ಎಂದಳು.

"ಎಷ್ಟು ಗಂಟೆಗೆ?"

"ಈ ದಿವ್ಸ ಏಳಕ್ಕೆ ಹಿಡಿತು, ಒಂದಕ್ಕೆ ಇಳೀಲಿಕ್ಕೆ ಹಿಡಿತದೆ. ಗಂಟೆ ಕಟ್ಕಂಡು ಎಂತ ಮಾಡ್ತ್ರಿ? ನೀರ ನೋಡಿ."

ಶನಿವಾರದೊಳಗೆ ಬರುತ್ತೇನೆಂದು, ಬೇರೆ ಯಾರಿಗೂ ಹೇಳದೆ ಅವಳು ದೋಣಿ ಹತ್ತಿದಳು. ನಾನು ಕೋಣೆಗೆ ಬಂದು 'ಆತ್ಮೋನ್ನತಿಯ ದಿನಚರಿ' ಎಂಬ ನನ್ನ ಹಾಳೆಯನ್ನು ಹೊಸದಾಗಿ ಬರೆದೆ. ಐದಕ್ಕೆ ಏಳುವುದು. ಐದೂವರೆಗೆ ತಣ್ಣೀರು ಸ್ನಾನ. ಆರಕ್ಕೆ ಸದ್ಗ್ರಂಥ. ಏಳಕ್ಕೆ ಜಂತ್ರಡಿಯ ಹಲಗೆ ಹಾಕುವುದು. ಮಧ್ಯಾಹ್ನ ಒಂದಕ್ಕೆ ತೆಗೆಯುವುದು. ಸೋಮವಾರದಿಂದ ಶುಕ್ರವಾರದವರೆಗೆ ಐದು ಸಾಲು, ಐದಕ್ಕೂ ಅದೇ ಗಂಟೆ, ರಾತ್ರಿಗೂ ಅದೇ. ಅಕ್ಷರಗಳು ದುಂಡಗೆ ಬಂದಿದ್ದವು.

ಭರತ, ಅಂದರೆ ನೀರಿನ ಏರು, ಹಿಂದಿನ ದಿನಕ್ಕಿಂತ ದಿನಾ ಮುಕ್ಕಾಲು ಗಂಟೆಯ ಮೇಲೆ ತಡವಾಗಿ ಬರುತ್ತದೆ ಎಂಬುದು ಅಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಸೋಮವಾರ ಸರಿಯಾಯಿತು, ಮಂಗಳವಾರ ಹೇಗೋ ಆಯಿತು. ಬುಧವಾರ ಒಂದು ಗಂಟೆಗೆ ಹಲಗೆ ಎಳೆಯುವಾಗ ಹೊರಗಿನ ನೀರು ಅದನ್ನು ಒತ್ತಿ ಹಿಡಿದಿತ್ತು, ಬರಲೊಲ್ಲದು. ಸತ್ಕಾರ್ಯಕ್ಕೆ ಅಡ್ಡಿಗಳು ಹೆಚ್ಚು ಎಂದು ಪುಸ್ತಕದಲ್ಲಿ ಓದಿದ್ದೆ. ಹಲ್ಲು ಕಚ್ಚಿ ಎಳೆದೆ. ಗುರುವಾರ ಇನ್ನೂ ಬಿಗಿ. ಇನ್ನೂ ಜೋರಾಗಿ ಎಳೆದೆ. ಶುಕ್ರವಾರ ಅಂಗೈ ಸುಲಿದು ರಕ್ತ ಬಂತು, ನನಗೆ ಧನ್ಯತೆಯೆನಿಸಿತು. ಅಂದರೆ ಮೂರು ದಿನ, ಏರುತ್ತಿದ್ದ ಹೊಳೆಗೆ ನನ್ನ ಕೈಯಾರೆ ಬಾಗಿಲು ತೆಗೆದು ಒಳಗೆ ಕರೆದು, ಶಾಲೆಗೆ ಹೋಗಿ ಮಗ್ಗಿ ಹೇಳಿಸಿದೆ. ನೀರು ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ ವ್ಯತ್ಯಾಸ ತಿಳಿಯಲು ಕಣ್ಣು ಸಾಕಿತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಶನಿವಾರ ಮೂಡಣ ಬದಿಯ ಮೊಳಕೆಯೆಲ್ಲ ಹಳದಿಯಾಗಿ ಮಲಗಿತ್ತು. ಅದೇ ದಿನ ಮಾದೇವಿ ಮಗಳನ್ನು, ಮೊಮ್ಮಗುವನ್ನು ಉಳಿಸಿಕೊಂಡು ದೋಣಿಯಿಂದ ಇಳಿದಳು. ಇಳಿದ ಜಾಗದಲ್ಲೇ ಜನ ಸುತ್ತುಗಟ್ಟಿದರು. ಜಂತ್ರಡಿ ಬಿಟ್ಟು ಹೋಗಿದ್ದಾಳೆ, ಯಾರಿಗೂ ಹೇಳದೆ ಹೋಗಿದ್ದಾಳೆ, ಇನ್ನೇನು ಬೇಕು?

ನಾನು ನುಗ್ಗಿ ಮುಂದೆ ಬಂದು ಹೇಳಿದೆ. ತಪ್ಪು ನನ್ನದು, ನಾನೇ ಕಾಯುತ್ತೇನೆಂದೆ, ನಾನೇ ಹೊತ್ತಲ್ಲದ ಹೊತ್ತಿಗೆ ತೆಗೆದೆ. ತಿಮ್ಮಪ್ಪಜ್ಜ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು.

"ಕಂಡ್ರಾ," ಎಂದ ಜನರ ಕಡೆ ತಿರುಗಿ, "ಬರೀ ಬಾಯಲ್ಲಿ ಹೇಳಿದ್ದಲ್ಲ ಮಾಸ್ತರ್ರು. ಆ ರಾಜನ ಮಗ ಮಾಡಿದ ಹಾಂಗೇ ಮಾಡಿದ್ರು."

ಅಲ್ಲ, ಇದು ಕಥೆಯಲ್ಲ, ನಿಜ ಎಂದೆ. ಆ ರಾಜಕುಮಾರನೂ ಹಾಗೇ ಹೇಳಿದ್ದ ಎಂದು ಯಾರೋ ಅಂದರು. ಹೌದು, ಹಾಗೇ ಹೇಳಿದ್ದ, ಹೇಳಿಸಿದವನು ನಾನೇ. ಅಂಗೈ ತೋರಿಸಿದೆ. ಪಾಪ, ಎಲ್ಲೋ ಬಿದ್ದಿದ್ದಾರೆ ಎಂದು ಒಬ್ಬಳು ಅರಿಶಿನ ತರಲು ಓಡಿದಳು. ನಾನು ದಂಡೆಯ ಮೇಲಿದ್ದದ್ದನ್ನು ಕಂಡವರಿದ್ದರು, ಆದರೆ ದಂಡೆಯ ಮೇಲೆ ನಾನು ದಿನಾ ಪುಸ್ತಕ ಹಿಡಿದು ತಿರುಗುವವನೇ. ಮಾದೇವಿ ಒಂದೇ ಮಾತು ಹೇಳಿದಳು, "ನೀರ ನೋಡಿ ಮಾಡಿ ಅಂದಿದ್ದೆ." ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಜಂತ್ರಡಿ ಸುಬ್ರಾಯನ ಕೈಗೆ ಹೋಯಿತು. ದೀಪಾವಳಿ ಪಾಡ್ಯದ ದಿನ ಕುರ್ವೆ ಸೇರಿದಾಗ ಕಾಯುವವರಿಗೆ ವೀಳ್ಯ ಕೊಡುತ್ತಾರೆ. ಅಂದು ವೀಳ್ಯವೂ ಅವನಿಗೆ ಹೋದರೆ ಹಕ್ಕು ಶಾಶ್ವತವಾಗಿ ಅವನ ಮನೆಗೆ. ಮಾದೇವಿಗೆ ಉಳಿಯುವುದು ಬೇರೆಯವರ ಗದ್ದೆಯ ಕೂಲಿ.

ನನ್ನ ತಪ್ಪಿಗೆ ಸಾಕ್ಷಿ ಒಂದೇ ಇತ್ತು, ಆ ಹಾಳೆ. ಹೊತ್ತುಕೊಂಡು ಓಡಿದೆ. ತಿಮ್ಮಪ್ಪಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸುಬ್ರಾಯನಿಗೆ ಕೊಟ್ಟ. ಕುರ್ವೆಯ ದೊಡ್ಡವರಲ್ಲಿ ಓದಲು ಬರುವವನು ಅವನೊಬ್ಬನೇ. ಅವನು ಮೇಲಿನ ಸಾಲುಗಳ ಮೇಲೆ ಬೆರಳಾಡಿಸಿ, "ಮಾಸ್ತರ್ರು ಎಷ್ಟ ಹೊತ್ತಿಗೆ ಏಳ್ತ್ರು, ಎಷ್ಟ ಹೊತ್ತಿಗೆ ಮೀತ್ರು ಅಂತ ಬರದ್ದು," ಎಂದ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಲ್ಲರೂ ನಕ್ಕರು. ನಾನೇ ಓದಿ ಹೇಳಿದರೆ, ಬೇಕಾದ್ದು ಓದುತ್ತಾರೆ, ದೊಡ್ಡ ಮನಸ್ಸು ಎಂದರು. ಶಾಲೆಯ ಮಕ್ಕಳಿಂದ ಓದಿಸಿದರೆ, ಮಾಸ್ತರ್ರು ಹೇಳಿಕೊಟ್ಟದ್ದನ್ನು ಹೇಳುತ್ತವೆ ಎಂದರು. "ನನ್ನ ಕಣ್ಣಲ್ಲೇ ಕಂಡ್ರೆ ನಂಬ್ತೆ," ಎಂದು ತಿಮ್ಮಪ್ಪಜ್ಜ ಎದ್ದುಹೋದ. ಅವನಿಗೆ ಅ ಯಾವುದು ಆ ಯಾವುದು ಗೊತ್ತಿರಲಿಲ್ಲ. ಏಳು ತಿಂಗಳು ನನ್ನ ವರ್ಗದ ಮೊದಲ ಸಾಲಿನಲ್ಲಿ ಕೂತವನಿಗೆ.

ಹಳದಿಯಾದ ಗದ್ದೆಗೆ ಬೇರೆ ಕಡೆಯ ದಟ್ಟ ಸಸಿ ಕಿತ್ತು ನೆಡುತ್ತಿದ್ದರು. ಮಾದೇವಿ ಸೊಂಟದವರೆಗಿನ ಕೆಸರಿನಲ್ಲಿ ನಿಂತಿದ್ದಳು. ದಂಡೆಯ ಮೇಲೆ ನಿಂತು ನಾನು, ಈ ಪಾಪಕ್ಕೆ ಮೂರು ದಿನ ಉಪವಾಸ ಮಾಡುತ್ತೇನೆ ಎಂದೆ.

"ನೀವ್ ಉಣ್ದೇ ಇದ್ರೆ ನನಗೆ ಎಂತ ಬತ್ತದೆ?" ಎಂದಳು, ತಲೆಯೆತ್ತದೆ. "ಅಜ್ಜ ಎಂತ ಹೇಳ್ದ?"

"ಕಣ್ಣಲ್ಲೇ ಕಂಡರೆ ನಂಬ್ತೆ ಅಂದ."

"ಮತ್ತೆ ಕಾಣಿಸಿ. ಮಾಸ್ತರಾದದ್ದು ಮತ್ತೆಂತಕ್ಕೆ?"

ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿತ್ತು, ಕಲ್ಲಿನಿಂದ ಒಡೆದೆ. ಅಂದಿನಿಂದ ನಾಲ್ಕು ತಿಂಗಳು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ತಿಮ್ಮಪ್ಪಜ್ಜನಿಗೆ ಕಲಿಯಲು ಮನಸ್ಸಿತ್ತು, ಆದರೆ ಪ್ರತಿ ಅಕ್ಷರಕ್ಕೂ ಜಾಮೀನು ಬೇಕು. "ಇದು ಎಲ್ಲಿ ಬತ್ತದೆ?" ಎಂದು ಙ ತೋರಿಸಿ ಕೇಳಿದ. ಎಲ್ಲೂ ಬರುವುದಿಲ್ಲ ಎಂದೆ. "ಕೆಲ್ಸ ಇಲ್ಲದೋನ್ನ ಎಂತಕ್ಕೆ ಸಾಕ್ತ್ರಿ?" ಎಂದು ಅದನ್ನು ಕಲಿಯಲೇ ಇಲ್ಲ. ಬಲೆ ಹಿಡಿದ ಬೆರಳು ಬಳಪ ಹಿಡಿದು ವಾರಕ್ಕೆ ನಾಲ್ಕು ಬಳಪ ಮುರಿಯಿತು. ಒತ್ತಕ್ಷರ ಬಂದಾಗ ಹದಿನೈದು ದಿನ ಮುನಿಸಿಕೊಂಡು ವರ್ಗಕ್ಕೇ ಬರಲಿಲ್ಲ. ಕಥೆ ಯಾಕೆ ಹೇಳುವುದಿಲ್ಲ ಎಂದು ಉಳಿದವರ ಗಲಾಟೆ ಬೇರೆ. ಇಷ್ಟು ಕಲಿತದ್ದು ಸಾಕು, ಹಾಳೆ ಓದೋಣ ಎಂದು ನಾನು ಬೇಡಿದರೆ, "ಪೂರಾ ಕಲ್ತೇ ಓದ್ತೆ. ಅರ್ಧ ಕಲ್ತು ಓದಿದ್ರೆ ಹುಡುಗಾಟ ಆತದೆ," ಎನ್ನುತ್ತಿದ್ದ. ಆಟಿ ಕಳೆಯಿತು, ಚೌತಿ ಕಳೆಯಿತು, ಕಗ್ಗ ತೆನೆ ಹೊತ್ತಿತು. ಸುಬ್ರಾಯ ಜಂತ್ರಡಿಯನ್ನು ತಪ್ಪದೆ ಕಾದ. ಅದೂ ನನಗೆ ಸಂಕಟವೇ. ಅವನಾದರೂ ಒಂದು ದಿನ ತಪ್ಪಬಾರದೇ ಎಂದು, ಆತ್ಮೋನ್ನತಿಗೆ ಹೊರಟ ನಾನು ಮನಸ್ಸಿನಲ್ಲೇ ಹರಕೆ ಹೊತ್ತದ್ದುಂಟು.

ಈ ನಡುವೆ ಯಾವಾಗಲೋ ಪುಸ್ತಕ ಓದುವುದು ನಿಂತಿತ್ತು. ಬೆಳಿಗ್ಗೆ ಏಳುವಾಗ ಮೊದಲು ನೆನಪಾಗುತ್ತಿದ್ದದ್ದು ತಿಮ್ಮಪ್ಪಜ್ಜನಿಗೆ ಇವತ್ತು ದೀರ್ಘ ಹೇಗೆ ತಿಳಿಸಲಿ ಎಂಬುದು. ಅದು ಬದುಕಿನ ಅರ್ಥವೋ ಮತ್ತೊಂದೋ, ಆಗ ಯೋಚಿಸಲು ಪುರಸತ್ತಿರಲಿಲ್ಲ.

ಪಾಡ್ಯದ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಕುರ್ವೆ ಸೇರಿತು. ತಟ್ಟೆಯಲ್ಲಿ ಎಲೆ ಅಡಿಕೆ, ಸುಬ್ರಾಯ ಹೊಸ ಪಂಚೆಯುಟ್ಟು ಕೂತಿದ್ದ. ಮಾದೇವಿ ಹಿಂದೆ ಹೆಂಗಸರ ಜೊತೆ. ತಿಮ್ಮಪ್ಪಜ್ಜ ಕವಳ ಉಗಿದು ಬಂದು, ಹಾಳೆ ಕೊಡಿ ಎಂದ. ನಾನು ಪಕ್ಕಕ್ಕೆ ಹೋದರೆ, ದೂರ ನಿಲ್ಲಿ ಎಂದು ಕೈ ಮಾಡಿದ.

"ಐ-ದ-ಕ್ಕೆ ಏ-ಳು-ವು-ದು," ಎಂದು ಶುರುಮಾಡಿದ. ತಣ್ಣೀರಿನ ಣ್ಣೀ ದಾಟಲು ಬಹಳ ಹೊತ್ತು ಹಿಡಿಯಿತು. ಸದ್ಗ್ರಂಥದಲ್ಲಿ ಸಿಕ್ಕಿ ನಿಂತೇಬಿಟ್ಟ. ನನಗೆ ಆ ಪದ ಬರೆದವನ ಕೈ ಕಡಿಯಬೇಕೆನಿಸಿತು. ಮಕ್ಕಳು ಅತ್ತವು, ಗಂಡಸರು ಆಕಳಿಸಿದರು. ಕೊನೆಗೆ ಅದನ್ನು ಹಾರಿ ಮುಂದಿನ ಸಾಲಿಗೆ ಬಂದ.

"ಸೋಮವಾರ. ಏಳಕ್ಕೆ... ಜಂ-ತ್ರ-ಡಿ-ಯ... ಹಲಗೆ ಹಾಕುವುದು. ಒಂದಕ್ಕೆ... ತೆಗೆಯುವುದು."

ಆಕಳಿಕೆ ನಿಂತಿತು.

"ಮಂಗಳವಾರ. ಏಳಕ್ಕೆ ಹಾಕುವುದು, ಒಂದಕ್ಕೆ ತೆಗೆಯುವುದು. ಬುಧವಾರ. ಏಳಕ್ಕೆ..." ಅವನು ನಿಲ್ಲಿಸಿ ಮತ್ತೆ ಓದಿದ, ತಾನೇ ತಪ್ಪು ಓದಿದೆನೇನೋ ಎಂಬಂತೆ. ಗುರುವಾರಕ್ಕೆ ಬರುವಷ್ಟರಲ್ಲಿ ಹೆಂಗಸರ ಕಡೆ ಯಾರೋ ಕಿಸಕ್ಕೆಂದರು. ಶುಕ್ರವಾರಕ್ಕೆ ನೀರು ಬಲ್ಲ ಅಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಿಮ್ಮಪ್ಪಜ್ಜ ಮಾತ್ರ ನಗಲಿಲ್ಲ.

"ಯಾರು ಬರದ್ದು ಇದು?"

"ನಾನೇ."

"ಐದ್ ದಿವ್ಸವೂ ಏಳಕ್ಕೇ ಹಾಕಿ ಒಂದಕ್ಕೇ ತೆಗ್ದ್ರಾ?"

"ಹೌದು."

"ಹೊಳೆ ನಿಮ್ಮ ಶಾಲೆಗೆ ಹಾಜರಿ ಕೊಡ್ತದೆ ಅಂದ್ಕಂಡ್ರಾ ಮಾಸ್ತರ್ರೆ?"

ಆ ನಗೆಯ ನಡುವೆ ನಿಂತಷ್ಟು ಹಗುರವಾಗಿ ನಾನು ಯಾವ ಸಭೆಯಲ್ಲೂ ನಿಂತಿಲ್ಲ. ದೊಡ್ಡ ಮನುಷ್ಯ ಎಂಬ ನನ್ನ ಹೆಸರು ಅಂದೇ ಹೋಯಿತು, ಪೀಡೆ ತೊಲಗಿತು. ಸುಬ್ರಾಯ ತಲೆ ತಗ್ಗಿಸಿದ. ತಿಮ್ಮಪ್ಪಜ್ಜ ತಟ್ಟೆಯೆತ್ತಿಕೊಂಡು ಗಂಡಸರನ್ನು ದಾಟಿ ಹೆಂಗಸರ ಕಡೆ ನಡೆದು ಹೋಗಿ ವೀಳ್ಯವನ್ನು ಮಾದೇವಿಯ ಸೆರಗಿಗೆ ಹಾಕಿದ. ಅವಳ ಗಂಡನ ಹೆಸರು ಹೇಳಲಿಲ್ಲ. ಅವಳ ಹೆಸರನ್ನೇ ಹೇಳಿದ.

ಅವಳು ಎಲೆ ಅಡಿಕೆಯನ್ನು ಗಂಟು ಹಾಕಿಕೊಂಡು ನೇರವಾಗಿ ದಂಡೆಗೆ ಹೋದಳು. ಹೊಳೆ ಇಳಿಯಲು ಹಿಡಿದಿತ್ತು. ನಾನು ಹಿಂದೆಯೇ ಹೋದೆ. ಒಂದು ಒಳ್ಳೆಯ ಮಾತು ಕೇಳುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ಹಲಗೆಯ ಸಂದಿಗೆ ಬೆರಳು ತೂರಿಸುತ್ತ ಕೇಳಿದಳು.

"ಅಜ್ಜಂಗೆ ಓದ್ಲಿಕ್ಕೆ ಎಷ್ಟು ದಿವ್ಸ ಹಿಡಿತು?"

"ನಾಲ್ಕು ತಿಂಗಳು."

"ನೀವ್ ಬಂದು ಅದ್ಕಿಂತ ಮುಂಚೆ ಎಷ್ಟಾಗಿತ್ತು?"

"ಏಳು."

"ಹಾಂಗಾರೆ ಬಂದ ಕೂಡ್ಲೇ ಕಲಿಸಿದ್ರೆ, ನಾ ದೋಣಿ ಇಳಿದ ದಿವ್ಸವೇ ಅವ ಓದಿ ಮುಗಿಸ್ತಿದ್ದ. ಆ ನಾಕ್ ತಿಂಗ್ಳು ನಾ ಕೆಸರಲ್ಲಿ ನಿಲ್ಲೂದು ತಪ್ತಿತ್ತು."

ಹೌದು ಎಂದೆ. ಮೊದಲ ಹಲಗೆ ಸಡಿಲಾಗಿತ್ತು. ಇನ್ನೊಂದು ತುದಿ ಹಿಡಿಯಲು ಬಗ್ಗಿದೆ.

"ಬಿಡಿ," ಎಂದಳು. "ಇದ್ನ ನಾ ತೆಗಿತೆ. ನೀವ್ ಹೋಗಿ ಕಲಿಸಿ."